ಆರನೇ ಕೋಣೆಯ ಗಂಟೆ

ತಂತಿ ಅಕ್ಕ ಸಹಿ ಹಾಕುವುದಿಲ್ಲ ಎಂದು ಹೇಳಿ ಒಂಬತ್ತು ದಿನವಾಗಿತ್ತು. ಈ ಒಂಬತ್ತು ದಿನಗಳಲ್ಲಿ ಆ ಕಾಗದ ಅವಳ ಮೇಜಿಗೆ ನಾಲ್ಕು ಸಲ ಬಂದು, ನಾಲ್ಕು ಸಲವೂ ಬಂದ ಹಾಗೇ ಹಿಂದಿರುಗಿತ್ತು. ಮೊದಲ ಸಲ ಬರಿಯ ಕಾಗದ ಬಂತು. ಎರಡನೇ ಸಲ ಅದಕ್ಕೊಂದು ಹೊಸ ಪೆನ್ನು ಸಿಕ್ಕಿಸಿ ಕಳಿಸಿದ್ದರು. ಪೆನ್ನು ಚೆನ್ನಾಗಿತ್ತು. ಅದನ್ನು ಇಟ್ಟುಕೊಂಡು ಕಾಗದವನ್ನು ಮಾತ್ರ ವಾಪಸು ಕೊಟ್ಟಳು.

ಅವಳು ಕೆಲಸ ಮಾಡುತ್ತಿದ್ದುದು ಎಂಟು ಕೋಣೆಗಳ ಒಂದು ಶೀತಗೃಹದಲ್ಲಿ. ಮೀನು, ಮಾಂಸ, ಬಟಾಣಿ, ಹಣ್ಣಿನ ತಿರುಳು, ಎಲ್ಲ ಪೆಟ್ಟಿಗೆಗಳಲ್ಲಿ ಕಲ್ಲಾಗಿ ಕೂತಿರುತ್ತಿದ್ದವು. ಕೋಣೆಯ ಗೋಡೆಯೆಂದರೆ ಹೊರಗೊಂದು ಉಕ್ಕಿನ ತಗಡು, ಒಳಗೊಂದು ಉಕ್ಕಿನ ತಗಡು, ನಡುವೆ ಗೇಣುದಪ್ಪದ ಫೋಮು. ಬಾಗಿಲು ಹಾಸಿಗೆಯಷ್ಟು ದಪ್ಪ. ಒಳಗೆ ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗೆ. ಹೊಸಬರು ಒಳಗೆ ಹೋಗಿ ಒಂದು ಉಸಿರು ಎಳೆದುಕೊಂಡರೆ ಮೂಗಿನೊಳಗೆ ಏನೋ ಗರಿಗರಿಯಾಗಿ ಮುರಿದಂತಾಗಿ ಗಾಬರಿಯಿಂದ ಹೊರಗೆ ಓಡಿ ಬರುತ್ತಿದ್ದರು.

ಪ್ರತಿ ಕೋಣೆಯಲ್ಲೂ ಎರಡು ಕೆಂಪು ಗುಂಡಿಗಳಿದ್ದವು. ಒಂದು ಬಾಗಿಲ ಪಕ್ಕ, ಇನ್ನೊಂದು ಹಿಂದಿನ ಗೋಡೆಯಲ್ಲಿ. ಒತ್ತಿದರೆ ಹೊರಗಿನ ಪಡಸಾಲೆಯಲ್ಲಿ ಗಂಟೆ ಬಾರಿಸಿ, ಬೋರ್ಡಿನ ಮೇಲೆ ಆ ಕೋಣೆಯ ನಂಬರು ಹೊತ್ತಿಕೊಳ್ಳುತ್ತಿತ್ತು. ಈ ಹದಿನಾರು ಗುಂಡಿಗಳನ್ನೂ ಅವುಗಳ ತಂತಿಯನ್ನೂ ಇಪ್ಪತ್ಮೂರು ವರ್ಷದಿಂದ ನೋಡಿಕೊಂಡು ಬಂದವಳು ಅವಳು. ಪ್ರತಿ ಸೋಮವಾರ ಬೆಳಿಗ್ಗೆ ದಪ್ಪ ಕೋಟು ತೊಟ್ಟು ಎಂಟೂ ಕೋಣೆಗೆ ಹೋಗಿ ಹದಿನಾರನ್ನೂ ಒತ್ತಿ ಬರುತ್ತಿದ್ದಳು. ಹೆಸರು ಹೋಗಿ ತಂತಿ ಅಕ್ಕ ಆಗಿದ್ದು ಹೀಗೆ. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಅಕ್ಕ ಎಂದೇ ಕರೆಯುತ್ತಿದ್ದರು.

ಈ ಗಂಟೆ ಬಂದದ್ದು ಸುಮ್ಮನೆ ಅಲ್ಲ. ಅದಕ್ಕೂ ಹಿಂದೊಮ್ಮೆ ಎರಡನೇ ಕೋಣೆಯ ಬಾಗಿಲಿನ ಒಳಹಿಡಿ ಹಿಮಗಟ್ಟಿ ಕಚ್ಚಿಕೊಂಡು, ಒಬ್ಬ ಕೆಲಸಗಾರ ಮುಕ್ಕಾಲು ಗಂಟೆ ಒಳಗೇ ಉಳಿದಿದ್ದ. ಎಷ್ಟು ಕಿರುಚಿದರೂ ಆ ಗೋಡೆ ದನಿಯನ್ನು ಹೊರಗೆ ಬಿಡಲಿಲ್ಲ. ಅವನು ಬದುಕಿ ಬಂದ, ಎಡಗೈಯ ಎರಡು ಬೆರಳ ತುದಿ ಮಾತ್ರ ಉಳಿಯಲಿಲ್ಲ. ಅವನೇ ಈಗ ಪೆಟ್ಟಿಗೆ ಜೋಡಿಸುವವರ ಮೇಸ್ತ್ರಿ. ಆ ಘಟನೆಯ ಮೇಲೆ ಗಂಟೆ ಹಾಕಿಸಿದ ಹಳೆಯ ಅಧಿಕಾರಿ ಒಂದು ನಿಯಮವನ್ನೂ ಬರೆದಿಟ್ಟು ಹೋಗಿದ್ದರು. ಗಂಟೆಯನ್ನು ಕೀಳಬೇಕೆಂದರೆ, ಅದನ್ನು ನೋಡಿಕೊಳ್ಳುವವರೇ "ಇನ್ನು ಇದರ ಅಗತ್ಯವಿಲ್ಲ" ಎಂದು ಬರೆದು ಸಹಿ ಹಾಕಬೇಕು. ಬೇರೆ ಯಾರ ಸಹಿಯೂ ನಡೆಯುವಂತಿರಲಿಲ್ಲ. ಬರೆದವರು ಎಂದೋ ನಿವೃತ್ತರಾದರು, ನಿಯಮವನ್ನು ಹೊಡೆದುಹಾಕುವುದು ಯಾರಿಗೂ ನೆನಪಾಗಲಿಲ್ಲ.

ಈಗಿನ ಸಾಹೇಬರಿಗೆ ಗಂಟೆ ಕೀಳಬೇಕಿತ್ತು. ಎಲ್ಲವೂ ಮೊಬೈಲ್ ಆಗಬೇಕು ಎಂಬುದು ಅವರ ಎರಡು ವರ್ಷದ ಜಪ. ಒಬ್ಬೊಬ್ಬ ಕೆಲಸಗಾರನಿಗೂ ಒಂದು ಹ್ಯಾಂಡ್‌ಸೆಟ್ಟು, ಅದರಲ್ಲೇ ಪೆಟ್ಟಿಗೆಯ ಲೆಕ್ಕ, ಅದರಲ್ಲೇ ಹಾಜರಿ, ಅದರ ಪರದೆಯ ಮೇಲೊಂದು ಕೆಂಪು ಗುಂಡಿ. ಅಪಾಯವಾದರೆ ಅದನ್ನು ಮುಟ್ಟಿದರಾಯಿತು, ಸಂದೇಶ ಸಾಹೇಬರ ಟ್ಯಾಬ್ಲೆಟ್ಟಿಗೆ ಹೋಗುತ್ತದೆ. ಟ್ಯಾಬ್ಲೆಟ್ಟಿನಲ್ಲಿ ಒಬ್ಬೊಬ್ಬರಿಗೂ ಒಂದು ಚುಕ್ಕೆ. ಚುಕ್ಕೆ ಹಸಿರಾಗಿದ್ದರೆ ಮನುಷ್ಯ ಕ್ಷೇಮ. ಗೋಡೆಯಲ್ಲಿ ತಂತಿ ಹಾಯಲು ಕೊರೆದ ತೂತುಗಳಿಂದ ಚಳಿ ಸೋರುತ್ತದೆ, ತೂತಿನ ಸುತ್ತ ಹಿಮ ಕಟ್ಟುತ್ತದೆ, ಅದೊಂದು ದರಿದ್ರ ಎಂದು ಸಾಹೇಬರು ಹೇಳುತ್ತಿದ್ದುದು ಸುಳ್ಳೇನಲ್ಲ. ಆ ಹಿಮವನ್ನು ಕೆರೆಯುತ್ತಿದ್ದವಳೇ ಅವಳು.

ಈ ಹೊಸ ವ್ಯವಸ್ಥೆಯನ್ನು ಕಟ್ಟಿದವನು ಬೇರೆ ಯಾರಾದರೂ ಆಗಿದ್ದರೆ ತಂತಿ ಅಕ್ಕ ಒಂದೇ ದಿನದಲ್ಲಿ ಅವನ ನೀರಿಳಿಸಿಬಿಡುತ್ತಿದ್ದಳು. ಕಟ್ಟಿದವನು ಅವಳ ತಮ್ಮ.

ಹನ್ನೆರಡು ವರ್ಷ ಚಿಕ್ಕವನು. ತಾಯಿ ಹೋದ ಮೇಲೆ ಅವನನ್ನು ಎತ್ತಿ ಆಡಿಸಿದವಳು, ಓದಿಸಿದವಳು, ಟೆಸ್ಟರನ್ನು ಹೇಗೆ ಹಿಡಿಯಬೇಕೆಂದು ತೋರಿಸಿಕೊಟ್ಟವಳು ಅವಳೇ. ಅವನು ನೆಟ್‌ವರ್ಕ್ ಎಂಜಿನಿಯರ್ ಆಗಿ ಇದೇ ಕಂಪನಿಗೆ ಬಂದ ದಿನ ಬೋರ್ಡಿನ ಮುಂದೆ ನಿಂತು ಕಣ್ಣೊರೆಸಿಕೊಂಡಿದ್ದಳು. ಈಗ ಅವನ ಕೆಲಸ ಈ ವ್ಯವಸ್ಥೆಗೇ ಗಂಟುಬಿದ್ದಿತ್ತು. ತಿಂಗಳ ಕೊನೆಯೊಳಗೆ ಗಂಟೆ ಇಳಿದು ಮೊಬೈಲ್ ನೆಲೆನಿಂತರೆ ಅವನ ಹುದ್ದೆ ಕಾಯಂ. ಇಲ್ಲದಿದ್ದರೆ ಅವನು ಬೇರೆ ದಾರಿ ನೋಡಿಕೊಳ್ಳಬೇಕು. ಹಾಗೆಂದು ಸಾಹೇಬರು ಅವನಿಗೂ ಹೇಳಿದ್ದರು, ಅವಳ ಕಿವಿಗೂ ಬೀಳುವಂತೆ ಹೇಳಿದ್ದರು.

ಮೂವರದೂ ಒಂದೇ ಮನೆ, ಅವಳದು, ತಮ್ಮನದು, ತಮ್ಮನ ಹೆಂಡತಿಯದು. ಒಂಬತ್ತು ದಿನದಿಂದ ಅಕ್ಕ ತಮ್ಮ ನೇರ ಮಾತು ಬಿಟ್ಟಿದ್ದರು. ಉಪ್ಪು ಬೇಕಾದರೆ ಅವನು ಹೆಂಡತಿಗೆ ಹೇಳುವನು, ಅವಳು ಅತ್ತಿಗೆಗೆ ಹೇಳುವಳು, ಅತ್ತಿಗೆ ಉಪ್ಪಿನ ಡಬ್ಬಿಯನ್ನು ಮೇಜಿನ ಮೇಲೆ ಕುಟ್ಟಿ ಇಡುವಳು. ಐದನೇ ದಿನ ಆ ಹುಡುಗಿ ತಟ್ಟೆ ಬಿಟ್ಟು ಎದ್ದಳು. "ನಾನೇನು ನಿಮ್ಮಿಬ್ಬರ ಮಧ್ಯೆ ನೆಟ್ಟಿರೋ ಟವರಾ? ಸಿಗ್ನಲ್ ಇಲ್ಲ ಅನ್ಕೊಳ್ಳಿ," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಕ್ಕನಿಗೆ ನಗು ಬಂತು. ತಮ್ಮನಿಗೂ ಬಂದಿತ್ತು. ಒಬ್ಬರ ನಗು ಒಬ್ಬರಿಗೆ ಕಾಣಬಾರದೆಂದು ಇಬ್ಬರೂ ತಟ್ಟೆಯೊಳಗೆ ಮುಖ ಹುದುಗಿಸಿ ಉಂಡರು.

ಹಠ ಆ ಮನೆತನದ್ದೇ ಆಸ್ತಿ. ಬೇರೆ ಆಸ್ತಿ ಇರಲೂ ಇಲ್ಲ.

ಒಂಬತ್ತನೇ ದಿನ ಸಾಹೇಬರು ಇಬ್ಬರನ್ನೂ ಪಡಸಾಲೆಗೆ ಕರೆಸಿದರು. ಕಾಗದ ಐದನೇ ಸಲ ಬಂತು, ಈ ಸಲ ಸಾಹೇಬರ ಕೈಯಲ್ಲೇ. ಏಕೆ ಸಹಿ ಹಾಕುವುದಿಲ್ಲವೆಂದು ಎಲ್ಲರ ಮುಂದೆ ಹೇಳಲಿ ಎಂದರು. ಅವರಿಗೆ ಬೇಕಾಗಿದ್ದುದೂ ಅದೇ. ಎಂಟನೇ ತರಗತಿ ಓದಿದ ಹೆಂಗಸು ಎಂಜಿನಿಯರ್ ತಮ್ಮನ ಮುಂದೆ ಬಾಯಿಬಿಡಲಿ, ನೋಡೋಣ.

ಅವಳು ಬಾಯಿಬಿಟ್ಟಳು. ಈ ಕೋಣೆಗಳು ತಗಡಿನ ಡಬ್ಬಿಗಳು, ತಗಡಿನ ಡಬ್ಬಿ ಮುಚ್ಚಿದರೆ ಅದರೊಳಗೆ ನಿಮ್ಮ ಅಲೆ ಹೋಗುವುದಿಲ್ಲ ಎಂದಳು. ಜೇಬಿನಿಂದ ಹ್ಯಾಂಡ್‌ಸೆಟ್ಟಿನ ಜೊತೆ ಬಂದ ಚೀಟಿ ತೆಗೆದಳು. ಎಲ್ಲರೂ ಪೆಟ್ಟಿಗೆಯ ಜೊತೆಗೇ ಬಿಸಾಕಿದ್ದ ಚೀಟಿ ಅದು. ಇರುವೆ ಸಾಲಿನಂಥ ಅಕ್ಷರದಲ್ಲಿ ಅದರಲ್ಲೇ ಬರೆದಿತ್ತು, ಈ ಯಂತ್ರ ಸೊನ್ನೆ ಡಿಗ್ರಿಯಿಂದ ಮೇಲಕ್ಕೆ ಮಾತ್ರ ಕೆಲಸ ಮಾಡುತ್ತದೆ ಎಂದು. ಮಾಡಿದವನೇ ಆಗುವುದಿಲ್ಲ ಅಂತ ಕೈಮುಗಿದಿದ್ದಾನೆ, ನೀವು ಆಗುತ್ತೆ ಅಂತ ಕೂತಿದ್ದೀರಿ ಎಂದಳು.

ತಮ್ಮ ಒಂಬತ್ತು ದಿನದಲ್ಲಿ ಮೊದಲ ಬಾರಿ ನೇರ ಅವಳಿಗೇ ಉತ್ತರ ಕೊಟ್ಟ. ತಾನು ಎಂಟೂ ಕೋಣೆಯ ಒಳಗೆ ನಿಂತು ಸಿಗ್ನಲ್ ಅಳೆದು ಸರ್ವೆ ಬರೆದಿದ್ದೇನೆ, ಎಲ್ಲ ಕಡೆ ಸಿಕ್ಕಿದೆ, ಬ್ಯಾಟರಿ ಜೇಬಿನ ಬಿಸಿಯಲ್ಲಿ ಅಷ್ಟು ಹೊತ್ತು ತಡೆಯುತ್ತದೆ ಎಂದ.

"ಯಾವಾಗ ಅಳೆದೆ?"

ಅವನು ತಾರೀಖು ಹೇಳಿದ.

"ಹಿಮ ಕರಗಿಸೋ ವಾರ ಅದು. ಕೋಣೆ ಖಾಲಿ, ಮಿಷನ್ ಆಫ್. ಆಗ್ಲೂ ನಿಂಗೆ ಚಳಿ ತಡೆಯೋಕಾಗದೆ ಬಾಗಿಲಿಗೆ ಪೆಟ್ಟಿಗೆ ಒರಗಿಸಿ ತೆರೆದಿಟ್ಕೊಂಡಿದ್ದೆ. ನಾನೇ ನೋಡಿದೀನಿ. ಬಾಗಿಲು ತೆಗೆದಿಟ್ಟು ಅಳೆದೋನು ಬಾಗಿಲು ಹಾಕಿದ ಕೋಣೆಗೆ ಹೇಗಪ್ಪಾ ಸರ್ಟಿಫಿಕೇಟ್ ಕೊಡ್ತೀಯ?"

ತಮ್ಮನ ಕಿವಿ ಕೆಂಪಾಯಿತು. ಪಾಪ, ಅವನು ಅಂದು ಬರಿಯ ಅರ್ಧ ತೋಳಿನ ಅಂಗಿಯಲ್ಲಿದ್ದ. ಸರ್ವೆಯಾದ ಮೇಲೆ ಅನುಮಾನ ಬಂದು, ಪ್ರತಿ ಕೋಣೆಯ ಒಳಗೂ ಒಂದೊಂದು ಸಿಗ್ನಲ್ ಪೆಟ್ಟಿಗೆ ಬೇಕು, ಅದು ಹೆಪ್ಪುಗಟ್ಟದಂತೆ ಹೀಟರ್ ಬೇಕು ಎಂದು ಸಾಹೇಬರನ್ನು ಕೇಳಿಯೂ ಇದ್ದ. ನಿನ್ನ ಸರ್ವೆಯಲ್ಲೇ ಎಲ್ಲ ಸರಿ ಇದೆಯಲ್ಲ, ಮತ್ತೇಕೆ ಪೆಟ್ಟಿಗೆ ಎಂದಿದ್ದರು. ತನ್ನ ಬರಹ ತನ್ನ ಕುತ್ತಿಗೆಗೇ ಬಂದಿತ್ತು. ಆದರೆ ಅದನ್ನೆಲ್ಲ ಅಕ್ಕನ ಮುಂದೆ, ಮೇಸ್ತ್ರಿಯ ಮುಂದೆ ಹೇಳುವುದುಂಟೇ? ಅವನು ಗದ್ದ ಎತ್ತಿದ.

ಹಾಗಾದರೆ ಈಗಲೇ ನೋಡೋಣ ಎಂದ. ತುಂಬಿದ ಕೋಣೆಯಲ್ಲಿ, ಬಾಗಿಲು ಹಾಕಿ.

ಅವಳೂ ಬಿಡಲಿಲ್ಲ. ಆರನೇ ಕೋಣೆ ಅಂದೇ ಮೀನಿನ ಪೆಟ್ಟಿಗೆಗಳಿಂದ ಸೂರಿನವರೆಗೆ ತುಂಬಿತ್ತು. ಷರತ್ತು ನಿಗದಿಯಾಯಿತು. ಅವನು ಒಳಗೆ ಹೋಗಬೇಕು, ಬಾಗಿಲು ಮುಚ್ಚಬೇಕು, ಹತ್ತು ನಿಮಿಷದೊಳಗೆ ಹ್ಯಾಂಡ್‌ಸೆಟ್ಟಿನ ಕೆಂಪು ಗುಂಡಿಯ ಸಂದೇಶ ಸಾಹೇಬರ ಟ್ಯಾಬ್ಲೆಟ್ಟಿಗೆ ಬಂದರೆ ಅವಳು ಅಲ್ಲೇ ಸಹಿ ಹಾಕುವುದು. ಬಾರದೆ, ಗೋಡೆಯ ಗಂಟೆಯನ್ನು ಒತ್ತಬೇಕಾಗಿ ಬಂದರೆ ಸಾಹೇಬರು ಆ ಕಾಗದವನ್ನು ಹರಿದುಹಾಕುವುದು. ಸಾಹೇಬರು ತಕ್ಷಣ ಒಪ್ಪಿದರು. ಅವರಿಗೆ ತಮ್ಮ ಚುಕ್ಕೆಯ ಮೇಲೆ ಅಷ್ಟು ನಂಬಿಕೆ.

ಮೇಸ್ತ್ರಿ ತನ್ನ ಕೋಟು, ಕೈಗವಸು ಬಿಚ್ಚಿಕೊಟ್ಟ. ಬೂಟು ಮಾತ್ರ ತಮ್ಮನ ಕಾಲಿಗೆ ಹಿಡಿಸಲಿಲ್ಲ. ಹತ್ತು ನಿಮಿಷಕ್ಕೆ ಬೂಟು ಯಾಕೆ ಎಂದು ಅವನು ತನ್ನ ಆಫೀಸಿನ ನುಣುಪು ಚಪ್ಪಟೆ ಷೂನಲ್ಲೇ ಒಳಗೆ ಹೊರಟ. ಬಾಗಿಲಲ್ಲಿ ಒಮ್ಮೆ ತಿರುಗಿ ಅಕ್ಕನನ್ನು ನೋಡಿದ.

"ಪೆನ್ನು ರೆಡಿ ಇಟ್ಕೋ."

"ಹೋಗೋ, ಕಂಡಿದೀನಿ," ಎಂದಳು ಅವಳು.

ಬಾಗಿಲು ಮುಚ್ಚಿತು. ಮೂರು ಗಂಟೆ ಎಂಟು ನಿಮಿಷ. ಅವಳು ಗೋಡೆ ಗಡಿಯಾರವನ್ನೂ ಬೋರ್ಡನ್ನೂ ಒಟ್ಟಿಗೆ ನೋಡಬಹುದಾದ ಕಡೆ ನಿಂತಳು.

ಮೊದಲ ಎರಡು ನಿಮಿಷ ಸಾಹೇಬರು ಟ್ಯಾಬ್ಲೆಟ್ಟನ್ನು ಎಲ್ಲರಿಗೂ ಕಾಣುವಂತೆ ಹಿಡಿದಿದ್ದರು. ಚುಕ್ಕೆ ಹಸಿರು. ನಾಲ್ಕನೇ ನಿಮಿಷಕ್ಕೂ ಹಸಿರು. ನೋಡಿ, ಹುಡುಗ ಆರಾಮಾಗಿದ್ದಾನೆ, ಸಂಪರ್ಕದಲ್ಲೇ ಇದ್ದಾನೆ ಎಂದರು. ಸಂಪರ್ಕದಲ್ಲಿದ್ದರೆ ಸಂದೇಶ ಎಲ್ಲಿ ಎಂದು ಅವಳು ಕೇಳಿದಳು. ಬರುತ್ತೆ ಎಂದರು. ಆರನೇ ನಿಮಿಷ ಬಂತು, ಸಂದೇಶ ಬರಲಿಲ್ಲ. ತಂತಿ ಅಕ್ಕನ ಎದೆಯಲ್ಲಿ ಒಂದು ಖುಷಿ ಮೆಲ್ಲಗೆ ಕಾಲು ಚಾಚಿತು. ಅಲೆ ಹೋಗಲಿಲ್ಲ, ಹೋಗುವುದೂ ಇಲ್ಲ. ಇನ್ನು ಅವನು ಗಂಟೆ ಒತ್ತಲೇಬೇಕು.

ಏಳು. ಎಂಟು. ಗಂಟೆ ಬಾರಿಸಲಿಲ್ಲ.

ಅವಳಿಗೆ ಅವನು ಕಣ್ಣಿಗೆ ಕಟ್ಟಿದಂತೆ ಕಂಡ. ಗುಂಡಿಯ ಮುಂದೆಯೇ ನಿಂತಿದ್ದಾನೆ, ಕೈ ಜೇಬಿನಲ್ಲಿದೆ, ಹಲ್ಲು ಕಟಕಟ ಎನ್ನುತ್ತಿದೆ, ಆದರೂ ಒತ್ತುವುದಿಲ್ಲ. ಒತ್ತಿದರೆ ಅಕ್ಕ ಗೆದ್ದಂತೆ. ಆರು ವರ್ಷದವನಿದ್ದಾಗ ಯಾವುದೋ ಮಾತಿಗೆ ಮುನಿದು ಮಂಚದ ಕೆಳಗೆ ಸೇರಿಕೊಂಡವನು ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದು ಕೂಗಿಗೂ ಓಗೊಟ್ಟಿರಲಿಲ್ಲ. ಕೊನೆಗೆ ಅವಳೇ ನೆಲದ ಮೇಲೆ ಕವುಚಿ ಮಲಗಿ, ಆಯ್ತಪ್ಪಾ ನಾನು ಸೋತೆ ಎಂದ ಮೇಲೇ ಈಚೆ ಬಂದಿದ್ದ. ಈ ಸಲ ಅದು ನಡೆಯದು ಎಂದುಕೊಂಡಳು. ಈ ಸಲ ಅವನೇ ಓಗೊಡಲಿ.

ಹತ್ತು ನಿಮಿಷವಾಯಿತು. ಮೇಸ್ತ್ರಿ ಬಾಗಿಲ ಹಿಡಿಯ ಮೇಲೆ ಕೈಯಿಟ್ಟ.

"ಅಕ್ಕಾ, ತೆಗೀಲಾ?"

"ತಡಿ. ಅವನೇ ಒತ್ತಲಿ."

ಅವಳು ಅದನ್ನು ಹೇಳಿದಳು. ಆಮೇಲೆ ಎಷ್ಟೋ ದಿನ ಆ ಎರಡು ಮಾತು ಅವಳ ಕಿವಿಯಲ್ಲಿ ಗುಂಯ್‌ಗುಟ್ಟಿತು. ಆದರೆ ಆಗ ಅವಳು ಬೋರ್ಡನ್ನು ನೋಡುತ್ತಿದ್ದಳು, ಸಾಹೇಬರು ಚುಕ್ಕೆಯನ್ನು ನೋಡುತ್ತಿದ್ದರು. ಬಾಗಿಲನ್ನು ನೋಡುತ್ತಿದ್ದವನು ಮೇಸ್ತ್ರಿ ಒಬ್ಬನೇ. ಹನ್ನೊಂದಾಯಿತು. ಹನ್ನೆರಡಕ್ಕೆ ಅವನು ಯಾರನ್ನೂ ಕೇಳಲಿಲ್ಲ. ನಿಮ್ಮ ಸೋಲು ಗೆಲುವು ಆಮೇಲೆ ನೋಡ್ಕೊಳ್ಳಿ ಎಂದು ಗೊಣಗುತ್ತ ಹಿಡಿಯನ್ನು ಎಳೆದ.

ಬಿಳಿಯ ಮಂಜು ಪಡಸಾಲೆಗೆ ಉರುಳಿ ಬಂತು. ಬಾಗಿಲ ಪಕ್ಕದ ಗುಂಡಿಯ ಹತ್ತಿರ ಯಾರೂ ಇರಲಿಲ್ಲ. ಅವಳು ತಮ್ಮನನ್ನು ಕೂಗಿದಳು. ಉತ್ತರ ಬರಲಿಲ್ಲ. ಕೋಟು ಇಲ್ಲದೆ, ಕೈಗವಸು ಇಲ್ಲದೆ, ಪೆಟ್ಟಿಗೆಗಳ ನಡುವಿನ ಓಣಿಯಲ್ಲಿ ಓಡಿದಳು.

ಅವನು ಕೊಟ್ಟಕೊನೆಯಲ್ಲಿ, ಹಿಂದಿನ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ಬಲಗಾಲು ಇರಬಾರದ ಕಡೆಗೆ ತಿರುಗಿತ್ತು. ತುಟಿ ನೀಲಿ. ಹುಬ್ಬಿನ ಮೇಲೆ ಬೆಳ್ಳಗೆ ಹಿಮದ ಪುಡಿ. ಅವನ ತಲೆಯಿಂದ ಎರಡು ಮೊಳ ಮೇಲೆ ಗೋಡೆಯಲ್ಲಿ ಅವಳ ಕೆಂಪು ಗುಂಡಿ ಇತ್ತು. ಹ್ಯಾಂಡ್‌ಸೆಟ್ಟಿನ ಚೂರುಗಳು ಸುತ್ತ ಬಿದ್ದಿದ್ದವು.

ಅವನು ಅವಳನ್ನು ನೋಡಿ ಏನೋ ಹೇಳಲು ಹೋದ. ದವಡೆ ಕೇಳಲಿಲ್ಲ. ಎರಡನೇ ಸಲಕ್ಕೆ ಮಾತು ಬಂತು.

"ಎಟುಕಲಿಲ್ಲ ಅಕ್ಕ."

ಮೇಸ್ತ್ರಿಯೂ ಅವಳೂ ಸೇರಿ ಅವನನ್ನು ಹೊತ್ತು ತಂದರು. ಪಡಸಾಲೆಯಲ್ಲಿ ಒಂದು ಪೆಟ್ಟಿಗೆಯ ಮೇಲೆ ಕೂರಿಸಿ, ಸಿಕ್ಕಿದ ಕೋಟನ್ನೆಲ್ಲ ಹೊದಿಸಿದರು. ಯಾರೋ ಬಿಸಿನೀರು ತಂದರು, ಯಾರೋ ಆಂಬ್ಯುಲೆನ್ಸಿಗೆ ಫೋನು ಮಾಡಲು ಓಡಿದರು. ತಂತಿ ಅಕ್ಕ ಅವನ ಎರಡೂ ಕೈಯನ್ನು ತನ್ನ ಕಂಕುಳಲ್ಲಿ ಇಟ್ಟುಕೊಂಡು ಕೂತಳು. ಬೆರಳುಗಳನ್ನು ಒಂದೊಂದಾಗಿ ಎಣಿಸಿದಳು. ಬಣ್ಣ ಮರಳುವವರೆಗೆ ಮತ್ತೆ ಮತ್ತೆ ಎಣಿಸಿದಳು.

ನಡೆದದ್ದನ್ನು ಅವನು ತುಣುಕು ತುಣುಕಾಗಿ ಹೇಳಿದ. ಒಳಗೆ ಹೋದೊಡನೆ ಕೆಂಪು ಗುಂಡಿ ಮುಟ್ಟಿದ್ದ. ಕೈಗವಸಿನ ಬೆರಳಿಗೆ ಪರದೆ ಕ್ಯಾರೇ ಅನ್ನಲಿಲ್ಲ. ಗವಸು ತೆಗೆದು ಮುಟ್ಟಿದ. ಸಂದೇಶ ಹೋಗುತ್ತಿದೆ, ಹೋಗುತ್ತಿದೆ ಎಂದು ಒಂದು ಚಕ್ರ ತಿರುಗುತ್ತಲೇ ಇತ್ತು. ಸಿಗ್ನಲ್ ಒಂದು ಗೆರೆಯೂ ಇಲ್ಲ. ಹಿಂದಿನ ಮೂಲೆಯಲ್ಲಿ ಸಿಗಬಹುದೇನೋ ಎಂದು ಹ್ಯಾಂಡ್‌ಸೆಟ್ಟನ್ನು ತಲೆಯ ಮೇಲೆ ಎತ್ತಿ ಹಿಡಿದು, ಕಣ್ಣು ಪರದೆಯಲ್ಲಿಟ್ಟು, ಓಣಿಯುದ್ದಕ್ಕೂ ನಡೆದ. ಸಿಗ್ನಲ್ ಹುಡುಕುವವರು ಎಲ್ಲೆಲ್ಲೂ ನಡೆಯುವುದು ಹೀಗೆಯೇ, ಎಂಜಿನಿಯರಾದರೂ ಅಷ್ಟೇ. ನೆಲದ ಹಿಮಕ್ಕೆ ಷೂ ಜಾರಿತು. ಬಿದ್ದಾಗ ಕಾಲಲ್ಲಿ ಏನೋ ಲಟಕ್ಕೆಂದಿತು. ಅರವತ್ತು ಪರ್ಸೆಂಟ್ ತೋರಿಸುತ್ತಿದ್ದ ಬ್ಯಾಟರಿ ಅವನ ಕಣ್ಣೆದುರೇ ಕಣ್ಣುಮುಚ್ಚಿತು. ತೆವಳಿಕೊಂಡು ಗೋಡೆಯ ಗುಂಡಿಯ ಕೆಳಗೆ ಬಂದ. ಎದ್ದು ನಿಲ್ಲಲು ಮೂರು ಸಲ ನೋಡಿದ. ಆಗದೆ ಹೋದಾಗ ಗುಂಡಿಗೆ ಗುರಿಯಿಟ್ಟು ಹ್ಯಾಂಡ್‌ಸೆಟ್ಟನ್ನೇ ಎಸೆದ. ಎರಡು ಸಲ ತಪ್ಪಿತು, ಮೂರನೇ ಸಲ ಒಡೆಯಿತು.

"ಅಂತೂ ಅದನ್ನ ಸರಿಯಾಗಿ ಉಪಯೋಗಿಸಿದ್ದು ನೀವೊಬ್ರೇ," ಎಂದ ಮೇಸ್ತ್ರಿ. ತಮ್ಮ ನಡುಗುತ್ತಲೇ ನಕ್ಕ.

ಆಗ ಅವಳು ಸಾಹೇಬರ ಕೈಯಲ್ಲಿದ್ದ ಟ್ಯಾಬ್ಲೆಟ್ಟನ್ನು ನೋಡಿದಳು. ಹ್ಯಾಂಡ್‌ಸೆಟ್ಟು ಆರನೇ ಕೋಣೆಯ ನೆಲದಲ್ಲಿ ಚೂರಾಗಿ ಬಿದ್ದಿತ್ತು. ಟ್ಯಾಬ್ಲೆಟ್ಟಿನಲ್ಲಿ ಅವನ ಚುಕ್ಕೆ ಇನ್ನೂ ಹಸಿರಾಗಿಯೇ ಇತ್ತು.

"ಇದೇನಿದು?" ಎಂದು ಅವಳು ತಮ್ಮನನ್ನು ಕೇಳಿದಳು.

ಅವನು ತಲೆ ತಗ್ಗಿಸಿದ. ಚುಕ್ಕೆಗೆ ಯಾರು ಹೇಗಿದ್ದಾರೆಂದು ಗೊತ್ತಾಗುವುದಿಲ್ಲ, ಕೊನೆಯ ಸಲ ಸುದ್ದಿ ಬಂದಾಗ ಹೇಗಿದ್ದರು ಎಂಬುದಷ್ಟೇ ಗೊತ್ತು ಎಂದ. ಸುದ್ದಿ ನಿಂತರೆ ಕೆಲವು ಸೆಕೆಂಡು ಕಾದು ಚುಕ್ಕೆಯನ್ನು ಬೂದು ಮಾಡಬೇಕು. ಮೊದಲು ಹಾಗೆಯೇ ಮಾಡಿದ್ದ. ಆದರೆ ಯಾರು ಕೋಣೆಯೊಳಗೆ ಹೋದರೂ ಚುಕ್ಕೆ ಬೂದಾಗುತ್ತಿತ್ತು, ಸಾಹೇಬರು ಪ್ರತಿ ಸಲ ಅವನನ್ನು ಕರೆದು ಇದೇನು ಅಸಹ್ಯ, ಅರ್ಧ ಪರದೆ ಬೂದಾಗಿದೆ, ಸರಿಮಾಡು ಎನ್ನುತ್ತಿದ್ದರು. ಅವನು ಸರಿಮಾಡಿದ್ದ. ಕಾಯುವ ಹೊತ್ತನ್ನು ನಲವತ್ತೈದು ನಿಮಿಷಕ್ಕೆ ಏರಿಸಿದ್ದ. ಅಂದಿನಿಂದ ಪರದೆ ತುಂಬ ಹಸಿರೋ ಹಸಿರು.

"ಬೂದು ಬಂದಾಗ್ಲೇ ನಂಗೆ ಗೊತ್ತಾಗಬೇಕಿತ್ತು ಅಕ್ಕ, ಒಳಗೆ ಹೋಗ್ತಿಲ್ಲ ಅಂತ. ಗೊತ್ತಾಗಿತ್ತು. ಮುಚ್ಚಿಟ್ಟೆ."

ಸಾಹೇಬರು ಟ್ಯಾಬ್ಲೆಟ್ಟನ್ನು ಕವುಚಿ ಹಿಡಿದರು. ಆದರೆ ಅವರೇನು ದಡ್ಡರಲ್ಲ. ಬಿದ್ದ ಕಡೆಯಿಂದಲೇ ಎದ್ದರು. ಮೊಬೈಲ್ ಸೋತಿತು, ಒಪ್ಪಿದೆ, ಆದರೆ ಗಂಟೆಯೂ ಬಾರಿಸಲಿಲ್ಲವಲ್ಲ ಎಂದರು. ಷರತ್ತಿನ ಪ್ರಕಾರ ಗಂಟೆ ಬಾರಿಸಿದರೆ ತಾನೇ ಕಾಗದ ಹರಿಯುವುದು? ಎರಡೂ ಸೋತ ಮೇಲೆ ಹಳೆಯ ತಂತಿಯನ್ನು ಇಟ್ಟುಕೊಂಡು ಏನು ಮಾಡುವುದು, ಸಹಿ ಹಾಕಲಿ, ಕೋಣೆಯೊಳಗೆ ಸಿಗ್ನಲ್ ಪೆಟ್ಟಿಗೆ, ಹೀಟರ್ ಎಲ್ಲ ಹಾಕಿಸಿಕೊಡೋಣ ಎಂದು ಕಾಗದವನ್ನು ಮತ್ತೆ ಮುಂದೆ ಚಾಚಿದರು.

ಆ ಮಾತು ಅವಳಿಗೆ ನಾಟಿತು. ಸುಳ್ಳಾಗಿದ್ದರೆ ನಾಟುತ್ತಿರಲಿಲ್ಲ.

ಇಪ್ಪತ್ಮೂರು ವರ್ಷ ಪ್ರತಿ ಸೋಮವಾರ ಅವಳು ಆ ಗುಂಡಿಗಳನ್ನು ಒತ್ತಿದ್ದಳು, ನಿಂತುಕೊಂಡು. ಬಿದ್ದವನು ಅದನ್ನು ಹೇಗೆ ಒತ್ತುತ್ತಾನೆ ಎಂದು ಒಂದು ಸೋಮವಾರವೂ ಯೋಚಿಸಿರಲಿಲ್ಲ. ಬೋರ್ಡು ಸುಮ್ಮನಿದ್ದರೆ ಎಲ್ಲ ಕ್ಷೇಮ ಎಂದು ಮನೆಗೆ ಹೋಗಿ ನಿದ್ದೆ ಮಾಡಿದ್ದಳು. ಸಾಹೇಬರು ಹಸಿರು ಚುಕ್ಕೆ ನೋಡಿಕೊಂಡು ನಿಂತಂತೆ ಅವಳು ಸುಮ್ಮನಿದ್ದ ಗಂಟೆಯನ್ನು ನೋಡಿಕೊಂಡು ನಿಂತಿದ್ದಳು. ಮೇಸ್ತ್ರಿ ಕೇಳಿದಾಗಲೂ ತಡಿ ಎಂದಿದ್ದಳು. ಸ್ವಂತ ತಮ್ಮ ಆ ಗೋಡೆಯ ಬುಡದಲ್ಲಿ ಕೈ ಚಾಚಿ ಕೂತಿದ್ದಾಗ ಅವನು ಹಠ ಮಾಡುತ್ತಿದ್ದಾನೆ ಎಂದುಕೊಂಡಿದ್ದಳು. ಅವಳಿಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ, ಅವಳ ಅಭ್ಯಾಸದಂತೆ, ಸಿಟ್ಟು ಬಂತು.

"ಹೌದು, ನನ್ನ ಗಂಟೆನೂ ಸೋತಿತು. ಅದಕ್ಕೇ ಸಹಿ ಹಾಕಲ್ಲ. ಕೀಳಲ್ಲ ಸಾರ್. ಗುಂಡೀನ ಕೆಳಗಿಳಿಸ್ತೀನಿ."

ಕಾಗದ ಚಾಚಿದ ಕೈ ಅಲ್ಲೇ ನಿಂತಿತು. ಯಾರನ್ನು ಕೇಳಿ ಇಳಿಸುತ್ತೀಯ ಎಂದು ಸಾಹೇಬರು ಕೇಳಿದರು. ಅವಳು ಅದಕ್ಕೆ ಸೊಪ್ಪು ಹಾಕಲಿಲ್ಲ. ಮೇಸ್ತ್ರಿಗೆ ತನ್ನ ಕೋಟು ತರಹೇಳಿದಳು, ಗವಸು ಹಾಕಿಕೊಂಡಳು, ಪೆಟ್ಟಿಗೆಗಳಿಗೆ ಗುರುತು ಹಾಕುವ ಸೀಮೆಸುಣ್ಣವೊಂದನ್ನು ಜೇಬಿಗೆ ಇಳಿಸಿದಳು. ನನ್ನನ್ನು ಕೆಲಸದಿಂದ ತೆಗೆಯುವುದಾದರೆ ತೆಗೆಯಿರಿ, ಆದರೆ ಮುಂದೆ ಬರುವವಳಿಗೂ ನಿಯಮ ಇದೇ, ಅವಳೂ ಸಹಿ ಹಾಕದಂತೆ ಹೇಳಿಕೊಟ್ಟೇ ಹೋಗುತ್ತೇನೆ ಎಂದಳು. ಇನ್ನು ಮೇಲೆ ಒಬ್ಬರು ಒಳಗೆ ಹೋದರೆ ಬಾಗಿಲಲ್ಲಿ ಒಬ್ಬರು ನಿಲ್ಲಬೇಕು, ಮೊಬೈಲಿದ್ದರೂ ಗಂಟೆಯಿದ್ದರೂ ನಿಲ್ಲಬೇಕು, ಅದಿಲ್ಲದೆ ನಾಳೆಯಿಂದ ಯಾರೂ ಒಳಗೆ ಕಾಲಿಡುವುದಿಲ್ಲ ಎಂದಳು. ಕೆಲಸಗಾರರ ಕಡೆ ತಿರುಗಿ ನೋಡಲೂ ಇಲ್ಲ. ತಿರುಗುವ ಅಗತ್ಯವಿರಲಿಲ್ಲ. ಏಳೆಂಟು ಜನ ಆಗಲೇ ತಮ್ಮ ಹ್ಯಾಂಡ್‌ಸೆಟ್ಟುಗಳನ್ನು ಒಂದೊಂದಾಗಿ ಸಾಹೇಬರ ಪಕ್ಕದ ಪೆಟ್ಟಿಗೆಯ ಮೇಲೆ ಇಡುತ್ತಿದ್ದರು.

ಅವಳು ಆರನೇ ಕೋಣೆಯೊಳಗೆ ಹೋದಳು. ಓಣಿಯ ಕೊನೆಯಲ್ಲಿ, ಅವನು ಕೂತಿದ್ದ ಜಾಗದಲ್ಲೇ ಗೋಡೆಗೆ ಒರಗಿ ಕೂತಳು. ನೆಲದ ಚಳಿ ಒಂದೇ ಏಟಿಗೆ ಬೆನ್ನೇರಿತು. ಕೈ ಎತ್ತಿ ಗೋಡೆಯಲ್ಲಿ ಒಂದು ಗೆರೆ ಎಳೆದಳು.

ಹೊರಗಿನಿಂದ ತಮ್ಮನ ದನಿ ಬಂತು. ಕಾಲು ಮುರಿದುಕೊಂಡವನು ಪೆಟ್ಟಿಗೆಯನ್ನು ಬಾಗಿಲ ಎದುರಿಗೇ ತಳ್ಳಿಸಿಕೊಂಡು ಕೂತಿದ್ದ.

"ಅಕ್ಕಾ, ಇನ್ನೂ ಕೆಳಗೆ. ನಾನು ಕೂತಿದ್ದೆ. ಪ್ರಜ್ಞೆ ತಪ್ಪೋ ಹಂಗಿರೋನು ಮಲಗಿರ್ತಾನೆ."

ಸರಿಯಾದ ಮಾತು. ಅವಳು ನೆಲದ ಮೇಲೆ ಮಗ್ಗುಲಾಗಿ ಮಲಗಿದಳು. ಕೆನ್ನೆಗೆ ಹಿಮ ತಾಗಿತು. ಅಲ್ಲಿಂದ ನೋಡಿದರೆ ಕೋಣೆಯೇ ಬೇರೆ, ಪೆಟ್ಟಿಗೆಗಳು ಬೆಟ್ಟದಷ್ಟು ಎತ್ತರ, ಬಾಗಿಲು ತುಂಬಾ ದೂರ. ಗವಸಿನ ಕೈಯನ್ನು ಆದಷ್ಟು ಚಾಚಿದಳು. ಗೇಣು ಎತ್ತರಕ್ಕೆ ಎಟುಕಿತು, ಅಷ್ಟೇ. ಅಲ್ಲಿ ಇನ್ನೊಂದು ಗೆರೆ ಎಳೆದಳು. ಒಂದು ಗುಂಡಿ ಸಾಲದು, ಗೋಡೆಯುದ್ದಕ್ಕೂ ಈ ಎತ್ತರದಲ್ಲಿ ಒಂದು ಹಗ್ಗ ಬೇಕು, ಎಲ್ಲಿ ಬಿದ್ದವನು ಎಲ್ಲಿ ಎಳೆದರೂ ಗಂಟೆ ಬಾರಿಸಬೇಕು ಎಂದು ಲೆಕ್ಕ ಹಾಕತೊಡಗಿದಳು.

ಬಾಗಿಲು ಇಷ್ಟು ಹೊತ್ತು ತೆರೆದಿದ್ದರೆ ಮಾಲು ಹಾಳಾಗುತ್ತದೆ, ಮುಚ್ಚಿ ಎಂದು ಸಾಹೇಬರು ಹೇಳುವುದು ಕೇಳಿಸಿತು. ಅವಳು ಹೊರಗೆ ಬರುವವರೆಗೆ ಮುಚ್ಚುವುದಿಲ್ಲ ಎಂದು ಮೇಸ್ತ್ರಿ ಹೇಳುವುದೂ ಕೇಳಿಸಿತು. ನೆಲದಿಂದ ಅವಳಿಗೆ ಕಾಣುತ್ತಿದ್ದುದು ಹೊಸ್ತಿಲ ಮೇಲೆ ಅಗಲವಾಗಿ ಊರಿದ್ದ ಅವನ ಎರಡು ಬೂಟುಗಳು. ಅವು ಅಲುಗಲಿಲ್ಲ.

"ಅಕ್ಕಾ," ಎಂದು ತಮ್ಮ ಕೂಗಿದ.

"ಇದ್ದೀನಿ."

ಅವಳು ಮೊಣಕೈ ಊರಿ ಮುಂದಕ್ಕೆ ತೆವಳಿ ಮೂರನೇ ಗೆರೆ ಎಳೆದಳು. ಅರ್ಧ ನಿಮಿಷವೂ ಆಗಿರಲಿಲ್ಲ.

"ಅಕ್ಕಾ."

"ಇದ್ದೀನಿ ಕಣೋ. ಎಷ್ಟು ಸಲ ಕೇಳ್ತೀಯ?"

"ನೀನು ಈಚೆ ಬರೋವರೆಗೂ," ಎಂದ ಅವನು. ಹಲ್ಲು ಇನ್ನೂ ಕಟಕಟ ಎನ್ನುತ್ತಿತ್ತು.

ಹನ್ನೆರಡು ನಿಮಿಷದಲ್ಲಿ ತಾನು ಒಂದು ಸಲವಾದರೂ ಬಾಗಿಲು ತೆರೆದು ಅವನನ್ನು ಹೀಗೆ ಕೂಗಿದ್ದರೆ ಎಂದು ಅವಳಿಗೆ ಅನ್ನಿಸಿತು. ಕಣ್ಣಲ್ಲಿ ಬಂದ ನೀರು ರೆಪ್ಪೆಯ ಮೇಲೇ ಗಟ್ಟಿಯಾಯಿತು. ಅದನ್ನು ಗವಸಿನಿಂದ ಉಜ್ಜಿಕೊಂಡು ನಾಲ್ಕನೇ ಗೆರೆಗೆ ಕೈ ಚಾಚಿದಳು. ಅವನು ಮತ್ತೆ ಕೂಗಿದ. ಅವಳು ಮತ್ತೆ ಓಗೊಟ್ಟಳು.